ಮಗಳ ಪಟ್ಟಿಯಲ್ಲಿ ನಮ್ಮ ಗೀಟು

ಹಿಕ್ಸ್‌ವಿಲ್‌ನ ಬ್ರಾಡ್‌ವೇಯಲ್ಲಿರೋ ಒಂದು ದಿನಸಿ ಅಂಗಡಿಯಲ್ಲಿ ಸರಕು ಇಳಿಸಿ ಜೋಡಿಸುವ ಕೆಲಸ ನನ್ನದು. ಊರು ತೀರ್ಥಹಳ್ಳಿ ತಾಲ್ಲೂಕು. ಓದಿದ್ದು ಪಿಯುಸಿ, ಅದೂ ಕನ್ನಡ ಮೀಡಿಯಂ. ನನ್ನಾಕೆಗೆ ಒಂದು ಮಿಠಾಯಿ ಅಂಗಡಿಯ ಅಡುಗೆಮನೆಯಲ್ಲಿ ಬೆಳಗ್ಗಿನ ಪಾಳಿ. ನನ್ನದು ಮಧ್ಯಾಹ್ನ 1ರಿಂದ ರಾತ್ರಿ 10. ಹಾಗಾಗಿ ಮಗಳನ್ನು ಬೆಳಗ್ಗೆ ಸ್ಕೂಲ್ ಬಸ್ಸಿಗೆ ಹತ್ತಿಸೋದು ನಾನು, ಸಂಜೆ ನೋಡ್ಕೊಳ್ಳೋದು ಅವಳು. ಹೋಮ್‌ವರ್ಕ್ ನನ್ನ ಪಾಲಿಗೆ ಬರೋದು ಮಂಗಳವಾರ ಮಾತ್ರ, ಅವತ್ತು ನನಗೆ ರಜೆ. ಆ ಮಂಗಳವಾರಗಳಲ್ಲಿ ನಾನು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದನೇ ಕ್ಲಾಸಿನ ಪಾಠ, ನಗಬೇಡಿ.

ಹೋದ ಅಕ್ಟೋಬರ್‌ನ ಒಂದು ಸಂಜೆ ಮಗಳು ಬ್ಯಾಗಿನಿಂದ ಒಂದು ಹಾಳೆ ತೆಗೆದಳು. ಕ್ಲಾಸಿನಲ್ಲಿ ಟೀಚರ್ ಒಂದು ಪ್ರಶ್ನೆ ಕೇಳಿದ್ದರಂತೆ: ಮನೆಯಲ್ಲಿ ನೀವು ಯಾವ ಭಾಷೆ ಮಾತಾಡ್ತೀರಿ? ಬೋರ್ಡಿನ ಮೇಲೆ ಮೂರು ಸಾಲು. ಇಂಗ್ಲಿಷ್, ಸ್ಪ್ಯಾನಿಷ್, ಅದರ್. ಅದರ್ ಅಂದ್ರೆ ಇತರೆ. ಪ್ರತಿ ಮಗುವೂ ಎದ್ದು ಹೋಗಿ ತನ್ನ ಸಾಲಿನಲ್ಲಿ ಒಂದು ಬಣ್ಣದ ಚೀಟಿ ಅಂಟಿಸಬೇಕು. ಆಮೇಲೆ ಅದನ್ನೇ ಹಾಳೆಯ ಮೇಲೆ ಗೀಟು ಹಾಕಿ ಬರ್ಕೊಳ್ಳಬೇಕು. ಇಂಗ್ಲಿಷ್ 9, ಸ್ಪ್ಯಾನಿಷ್ 6, ಅದರ್ 7. ಒಟ್ಟು 22 ಮಕ್ಕಳು.

ಕೆಳಗೆ ನಾಲ್ಕು ಪ್ರಶ್ನೆ ಇತ್ತು. ಒಟ್ಟು ಎಷ್ಟು ಮಕ್ಕಳು? ಯಾವುದರಲ್ಲಿ ಎಲ್ಲಕ್ಕಿಂತ ಹೆಚ್ಚು? ಯಾವುದರಲ್ಲಿ ಕಡಿಮೆ? ಅದರ್‌ಗಿಂತ ಇಂಗ್ಲಿಷ್‌ನಲ್ಲಿ ಎಷ್ಟು ಹೆಚ್ಚು? ಮೊದಲ ಮೂರನ್ನು ಅವಳೇ ಬರೆದಳು. ನಾಲ್ಕನೆಯದಕ್ಕೆ 9 ಅಂತ ಬರೆದಳು. ನಾನು ‘ತಪ್ಪು, ಕೂಡಬೇಕು’ ಅಂದೆ. ‘ಮೋರ್’ ಅಂತ ಓದಿದ ಕೂಡಲೇ ನನ್ನ ತಲೆ ಕೂಡೋದರ ಕಡೆ ಹೋಗಿಬಿಟ್ಟಿತ್ತು. ಅವಳು ರಬ್ಬರ್‌ನಲ್ಲಿ ಅಳಿಸಿ 16 ಅಂತ ಬರೆದಳು. ಒಳಗಿನಿಂದ ನನ್ನಾಕೆ, ‘ರೀ, ನಿಮ್ಮಲ್ಲಿ 9 ರೂಪಾಯಿ, ನನ್ನಲ್ಲಿ 7 ರೂಪಾಯಿ ಇದ್ರೆ ನಿಮ್ಮಲ್ಲಿ ಎಷ್ಟು ಜಾಸ್ತಿ? 16 ರೂಪಾಯಿನಾ?’ ಅಂದಳು. ನನಗೆ ನಾಚಿಕೆಯಾಯಿತು. ಇಬ್ಬರೂ ಮತ್ತೆ ಅಳಿಸಿ 2 ಬರೆದೆವು.

ಹಾಳೆ ಮಡಚೋ ಹೊತ್ತಿಗೆ ಸುಮ್ಮನೆ ಕೇಳಿದೆ, ‘ಇದರಲ್ಲಿ ನಿನ್ನ ಚೀಟಿ ಯಾವುದು ಪುಟ್ಟಿ?’

‘ಇಂಗ್ಲಿಷ್‌ನಲ್ಲಿ.’

‘ಯಾಕೆ? ಮನೇಲಿ ನಾವು ಕನ್ನಡ ಅಲ್ವಾ ಮಾತಾಡೋದು?’

‘ಕನ್ನಡ ಇರ್ಲಿಲ್ಲ ಅಪ್ಪ.’

‘ಅದರ್ ಇತ್ತಲ್ಲ?’

ಅವಳು ಸ್ವಲ್ಪ ಯೋಚನೆ ಮಾಡಿ ಹೇಳಿದಳು, ‘ಅದರ್ ಅಂದ್ರೆ ಕನ್ನಡ ಅಲ್ಲ ಅಪ್ಪ. ಅದರ್ ಅಂದ್ರೆ ಹೆಸರಿಲ್ಲದ್ದು.’

ನನಗೆ ಮಾತು ಬರಲಿಲ್ಲ. ಬೈಯೋಕೆ ಅಲ್ಲಿ ಏನೂ ಇರಲಿಲ್ಲ. ಇಂಗ್ಲಿಷ್ ಅವಳಿಗೆ ಬರ್ತದೆ, ಆ ಸಾಲಿಗೆ ಹೆಸರಿದೆ, ಅಲ್ಲಿ ಗೆಳತಿಯರೂ ಇದ್ದಾರೆ. ಹೋಗಿ ಅಂಟಿಸಿ ಬಂದಿದ್ದಾಳೆ. ಆರು ವರ್ಷದ ಮಗು ಇನ್ನೇನು ಮಾಡ್ತದೆ? ಆದರೂ ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಬೆಳಗ್ಗೆ ಬಸ್ಸಿಗೆ ಕಾಯುವಾಗ ಆ ಲೆಕ್ಕವನ್ನೇ ಮತ್ತೆ ಮಾಡಿದೆ. ಅವಳ ಒಂದು ಚೀಟಿಯನ್ನು ಇಂಗ್ಲಿಷ್‌ನಿಂದ ಕಿತ್ತು ಅದರ್‌ಗೆ ಅಂಟಿಸಿದರೆ ಏನಾಗ್ತದೆ? ಇಂಗ್ಲಿಷ್ 8, ಅದರ್ 8. ಒಟ್ಟು ಅದೇ 22. ಆದರೆ ‘ಯಾವುದರಲ್ಲಿ ಎಲ್ಲಕ್ಕಿಂತ ಹೆಚ್ಚು’ ಅನ್ನೋದಕ್ಕೆ ಉತ್ತರ ಬೇರೆ. ‘ಎಷ್ಟು ಹೆಚ್ಚು’ ಅನ್ನೋದಕ್ಕೆ ಎರಡರ ಬದಲು ಸೊನ್ನೆ. ಒಂದೇ ಚೀಟಿ ಜಾಗ ಬದಲಾಯಿಸಿದರೆ ಅಂತರದಲ್ಲಿ ಎರಡು ವ್ಯತ್ಯಾಸ, ಯಾಕೆಂದರೆ ಒಂದು ಕಡೆ ಒಂದು ಇಳೀತದೆ, ಇನ್ನೊಂದು ಕಡೆ ಒಂದು ಏರ್ತದೆ. ಒಂದು ಮಗು ತನ್ನ ಗೀಟನ್ನು ಎಲ್ಲಿ ಹಾಕಿತು ಅನ್ನೋದರ ಮೇಲೆ ಇಡೀ ಕ್ಲಾಸಿನ ಉತ್ತರ ನಿಂತಿದೆ. ಇದು ಮಕ್ಕಳಾಟ ಅಲ್ಲ ಅಂತ ನನಗೆ ಅವತ್ತೇ ಅನಿಸಿದ್ದು.

ಇಂಥ ಪಟ್ಟಿ ಸ್ಕೂಲಿನಲ್ಲಿ ಮಾತ್ರ ಇಲ್ಲ. ಹಿಕ್ಸ್‌ವಿಲ್ ಪಬ್ಲಿಕ್ ಲೈಬ್ರರಿಯ ಕಂಪ್ಯೂಟರ್‌ನಲ್ಲಿ ಕೂತು ಹುಡುಕಿದಾಗ ನನಗೆ ಗೊತ್ತಾಯಿತು. ಅಮೆರಿಕದ ಸೆನ್ಸಸ್ ಬ್ಯೂರೋ ಪ್ರತಿವರ್ಷ ಅಮೆರಿಕನ್ ಕಮ್ಯುನಿಟಿ ಸರ್ವೆ ಅಂತ ಒಂದು ಸಮೀಕ್ಷೆ ಮಾಡ್ತದೆ. ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಮಾತಾಡ್ತೀರಾ, ಯಾವ ಭಾಷೆ ಅಂತ ಅದರಲ್ಲಿ ಕೇಳ್ತಾರೆ. 5 ವರ್ಷ ತುಂಬಿದ ಎಲ್ಲರೂ ಆ ಲೆಕ್ಕಕ್ಕೆ ಬರ್ತಾರೆ. ಭಾಷೆಯ ಹೆಸರನ್ನು ನಾವೇ ಬರೆಯಬೇಕು. ಆದರೆ ವಿವರವಾದ ಪಟ್ಟಿ ಹೊರಬರುವಾಗ ತೆಲುಗಿಗೆ ಒಂದು ಸಾಲು, ತಮಿಳಿಗೆ ಒಂದು ಸಾಲು. ನಮ್ಮ ಸಾಲಿನ ಹೆಸರು ‘ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು’. ಭಾರತದ 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು 4.37 ಕೋಟಿ ಜನ. ಅಷ್ಟು ಜನರ ಭಾಷೆ ಇಲ್ಲಿ ಬೇರೆಯವರ ಜೊತೆ ಒಂದೇ ಕೋಣೆಯಲ್ಲಿ. ಸಣ್ಣ ಸಣ್ಣ ಗುಂಪುಗಳನ್ನು ಒಟ್ಟು ಸೇರಿಸದೆ ಪಟ್ಟಿ ಮಾಡೋಕೆ ಆಗೋದಿಲ್ಲ, ಅದು ನನಗೂ ಅರ್ಥವಾಗ್ತದೆ. ಆದರೆ ಆ ಸಾಲು ಇರೋದೂ ಕೂಡ ಕನ್ನಡ ಅಂತ ಬರೆದು ಕಳಿಸಿದವರು ಇದ್ದದ್ದಕ್ಕೆ. ನಾವೂ ನಮ್ಮ ಮಗಳ ಹಾಗೆ ಇಂಗ್ಲಿಷ್ ಸಾಲಿನಲ್ಲಿ ಅಂಟಿಸಿ ಬಂದರೆ ಆ ಅರ್ಧ ಕೋಣೆಯೂ ಇಲ್ಲ.

ಮುಂದಿನ ಮಂಗಳವಾರ ನಾನೂ ನನ್ನಾಕೆಯೂ ಸೇರಿ ಟೀಚರ್‌ಗೆ ಒಂದು ಚೀಟಿ ಬರೆದೆವು. ದೂರು ಅಂತಲ್ಲ. ‘ಮಗಳು ತನ್ನ ಚೀಟಿಯನ್ನು ತಪ್ಪು ಸಾಲಿನಲ್ಲಿ ಹಾಕಿದ್ದಾಳೆ, ನಮ್ಮ ಮನೆಯ ಭಾಷೆ ಕನ್ನಡ, ಅದರ್ ಅಂದರೆ ಏನು ಅನ್ನೋದು ಅವಳಿಗೆ ಗೊತ್ತಾಗಿಲ್ಲ’ ಅಂತ ನಾಲ್ಕು ಸಾಲು. ನನ್ನ ಇಂಗ್ಲಿಷ್ ನೋಡಿ ಏನಂದ್ಕೊಳ್ತಾರೋ ಅಂತ ಎರಡು ಸಲ ಹರಿದು ಮೂರನೇ ಸಲ ಕಳಿಸಿದೆ.

ಆ ತಾಯಿ ಮಾಡಿದ ಕೆಲಸ ನಾನು ಮರೆಯೋದಿಲ್ಲ. ಮಾರನೇ ದಿನ ಅದರ್ ಸಾಲಿನ ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಅವರವರ ಭಾಷೆಯ ಹೆಸರು ಹೇಳಿಸಿದ್ದಾರೆ. ಮಗಳನ್ನು ಕರೆದು, ‘ನಿನ್ನ ಚೀಟಿ ಎಲ್ಲಿರಬೇಕು ಅಂತ ನೀನೇ ತೀರ್ಮಾನ ಮಾಡು’ ಅಂದಿದ್ದಾರೆ. ಅವಳು ಕಿತ್ತು ಈಚೆಗೆ ಅಂಟಿಸಿದಳಂತೆ. ಆ ಎಂಟು ಚೀಟಿಗಳಿಗೆ ಇನ್ನೊಂದು ಪಟ್ಟಿ ಆಯಿತು: ಪಂಜಾಬಿ 3, ಗುಜರಾತಿ 2, ಉರ್ದು 1, ಮಲಯಾಳಂ 1, ಕನ್ನಡ 1. ಮನೆಗೆ ಬಂದವಳೇ, ‘ಅಪ್ಪ, ಕನ್ನಡ ಒಂದೇ ಒಂದು. ಅದು ನಾನೇ’ ಅಂದಳು. ಒಂದೇ ಅಂತ ಅವಳಿಗೆ ಬೇಸರ ಇರಲಿಲ್ಲ. ಹೆಸರು ಇತ್ತಲ್ಲ, ಅದೇ ಸಂತೋಷ.

ಟೀಚರ್ ಚೀಟಿಗೆ ಉತ್ತರ ಬರೆದಿದ್ದರು. ಒಂದನೇ ಕ್ಲಾಸಿನಲ್ಲಿ ಮೂರು ಗುಂಪಿನವರೆಗೆ ಮಾತ್ರ ವಿಂಗಡಿಸೋದು ಕಲಿಸ್ತಾರಂತೆ, ಅದಕ್ಕೇ ಮೂರೇ ಸಾಲು. ಯಾವ ಕ್ಲಾಸಿನಲ್ಲಿ ಗಣಿತದ ಏನೇನು ಬರಬೇಕು ಅಂತ ನ್ಯೂಯಾರ್ಕ್ ರಾಜ್ಯ ಬರೆದಿಟ್ಟಿದೆ. ಈಗಿರೋದನ್ನು 2017ರಲ್ಲಿ ಒಪ್ಪಿದ್ದು. ನಮ್ಮಂಥ ತಂದೆತಾಯಿಗೆ ಉಪಯೋಗ ಆಗಲಿ ಅಂತ ಅದರ ಸಾರ ಇಲ್ಲಿ ಹೇಳ್ತೇನೆ. ಕಿಂಡರ್‌ಗಾರ್ಟನ್‌ನಲ್ಲಿ ವಸ್ತುಗಳನ್ನು ಗುಂಪು ಮಾಡಿ ಎಣಿಸೋದು. ಒಂದನೇ ಕ್ಲಾಸಿನಲ್ಲಿ ಮೂರು ಗುಂಪಿನವರೆಗೆ ಪಟ್ಟಿ ಮಾಡಿ, ಎಷ್ಟು ಹೆಚ್ಚು ಎಷ್ಟು ಕಡಿಮೆ ಅಂತ ಹೇಳೋದು. ಎರಡನೇ ಕ್ಲಾಸಿನಲ್ಲಿ ನಾಲ್ಕು ಗುಂಪಿನವರೆಗೆ ಚಿತ್ರನಕ್ಷೆ, ಕಂಬನಕ್ಷೆ ಬರೆಯೋದು. ಮೂರನೇ ಕ್ಲಾಸಿನಲ್ಲಿ ಒಂದು ಚಿತ್ರ ಅಂದರೆ ಐದು ಮಕ್ಕಳು, ಹತ್ತು ಮಕ್ಕಳು ಅಂತ ಅಳತೆ ಇಟ್ಟು ಬರೆಯೋದು. ಅಲ್ಲಿ ಬಹಳ ಮಕ್ಕಳು ಚಿತ್ರ ಎಣಿಸಿ ಅದನ್ನೇ ಉತ್ತರ ಅಂತ ಬರೀತಾರೆ. ನಕ್ಷೆಯ ಕೆಳಗೆ ‘ಒಂದು ಚಿತ್ರ ಅಂದರೆ ಇಷ್ಟು’ ಅಂತ ಬರೆದಿರೋದನ್ನು ಮೊದಲು ಓದಿಸಬೇಕು.

ಊರಲ್ಲೂ ಇದು ಇಲ್ಲ ಅಂತಲ್ಲ. ನನ್ನ ತಂಗಿಯ ಮಗ ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿದ್ದಾನೆ. ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದದ್ದು. ಆ ತರಗತಿಗಳಲ್ಲಿ ಹವಾಮಾನ ನಕ್ಷೆ ಅಂತ ಇರ್ತದೆ, ಮಕ್ಕಳೇ ದಿನಾ ಬಿಸಿಲು, ಮೋಡ, ಮಳೆ ಅಂತ ಗುರುತು ಮಾಡ್ತಾರೆ. ಹೋದ ಜೂನ್‌ನಲ್ಲಿ ನಮ್ಮವಳೂ ಕಿಂಡರ್‌ಗಾರ್ಟನ್‌ನಲ್ಲಿ ಅದೇ ತರಹದ್ದು ಮಾಡ್ತಿದ್ದಳು. ವಿಡಿಯೊ ಕಾಲ್‌ನಲ್ಲಿ ಇಬ್ಬರೂ ಹಾಳೆ ತೋರಿಸಿಕೊಂಡರು. ಅವನದು ಆಗುಂಬೆ ಸೀಮೆ, 20 ದಿನದಲ್ಲಿ 17 ಮಳೆ. ಇವಳದು 15 ದಿನದಲ್ಲಿ 3 ಮಳೆ. ‘ಮಾವ, ಅವಳು ಬರೀ 15 ದಿನ ಬರೆದಿದ್ದಾಳೆ, ಇನ್ನೂ 5 ದಿನ ಬರೀಲಿ, ಆಮೇಲೆ ನೋಡೋಣ’ ಅಂದ ಆ ಹುಡುಗ. ಹೋಲಿಸಬೇಕಾದರೆ ಎರಡು ಕಡೆಯೂ ದಿನ ಒಂದೇ ಇರಬೇಕು ಅಂತ ಅವನಿಗೆ ಗೊತ್ತಿತ್ತು. ನನಗೆ ಹೊಳೆದಿರಲಿಲ್ಲ.

ಅಕ್ಟೋಬರ್ ಆದಮೇಲೆ ನಾನು ಮಂಗಳವಾರದ ಪಾಠವನ್ನು ಅಡುಗೆಮನೆಗೆ ತಂದೆ. ‘ಎಷ್ಟು ಹೆಚ್ಚು’ ಅನ್ನೋದು ಅವಳ ತಲೆಗೆ ಕೂತಿರಲಿಲ್ಲ, ಉತ್ತರ ಮಾತ್ರ ಬಂದಿತ್ತು. ಒಂದು ಹಿಡಿ ಕಡಲೆಕಾಳು, ಒಂದು ಹಿಡಿ ಹುಣಸೆಬೀಜ ಟೇಬಲ್ ಮೇಲೆ ಹಾಕಿದೆ. 9 ಕಡಲೆ ಒಂದು ಸಾಲು, 7 ಹುಣಸೆಬೀಜ ಕೆಳಗೆ ಇನ್ನೊಂದು ಸಾಲು. ‘ಒಂದಕ್ಕೊಂದು ಜೋಡಿ ಮಾಡು. ಜೋಡಿ ಸಿಗದೆ ಉಳಿದವು ಎಷ್ಟು?’ ಅಂದೆ. ಎರಡು ಕಡಲೆ ಉಳಿದವು. ‘ಓ, ಉಳಿದದ್ದೇ ಹೆಚ್ಚು!’ ಅಂದಳು. ಅದಾದ ಮೇಲೆ ಆ ಪ್ರಶ್ನೆಯಲ್ಲಿ ಅವಳು ತಪ್ಪಿಲ್ಲ.

ಆದರೆ ಕಾಳುಗಳಿಂದಲೇ ಇನ್ನೊಂದು ಎಡವಟ್ಟೂ ಆಯಿತು. ಒಂದು ದಿನ 8 ಹೆಸರುಕಾಳು, 6 ಅವರೆಕಾಳು ಸಾಲು ಜೋಡಿಸಿದೆವು. ಅವರೆಕಾಳು ದಪ್ಪ, ಅದರ ಸಾಲೇ ಉದ್ದ ಕಂಡಿತು. ಅವಳು ಎಣಿಸದೆ ‘ಅವರೆ ಜಾಸ್ತಿ’ ಅಂದುಬಿಟ್ಟಳು. ಮೊಟ್ಟೆ ತರುವ ಡಜನ್ ಟ್ರೇ ಮನೆಯಲ್ಲಿ ಇತ್ತು. ಎರಡು ಟ್ರೇ ಪಕ್ಕಪಕ್ಕ ಇಟ್ಟು, ಒಂದು ಗುಳಿಗೆ ಒಂದೇ ಕಾಳು ಅಂತ ಹಾಕಿಸಿದೆ. ಆಗ ಸರಿ ಕಂಡಿತು. ಪುಸ್ತಕದಲ್ಲಿ ಚೌಕ ಚೌಕ ಗೆರೆ ಹಾಕಿ ಕಂಬ ಬರೆಸೋದು ಇದಕ್ಕೇ ಇರಬೇಕು. ಕೆಳಗೆ ಎಲ್ಲ ಸಾಲೂ ಒಂದೇ ಗೆರೆಯಿಂದ ಶುರುವಾಗಬೇಕು, ಚೌಕ ಎಲ್ಲ ಒಂದೇ ಅಳತೆ ಇರಬೇಕು. ಇಲ್ಲದಿದ್ದರೆ ಕಣ್ಣು ಮೋಸ ಹೋಗ್ತದೆ.

ಗೀಟು ಹಾಕೋದರಲ್ಲೂ ಒಂದು ತಪ್ಪು ಮಾಡ್ತಿದ್ದಳು. ಐದು ನೇರ ಗೀಟು ಎಳೆದು, ಆಮೇಲೆ ಅಡ್ಡಗೀಟು ಎಳೆದು ಅದನ್ನು ಐದು ಅನ್ನೋಳು. ಅಲ್ಲಿ ಆರು ಆಯಿತಲ್ಲ! ನಾನು ನನ್ನ ಕೈ ತೋರಿಸಿದೆ. ನಾಲ್ಕು ಬೆರಳು ನೇರ, ಹೆಬ್ಬೆರಳು ಅವುಗಳ ಮೇಲೆ ಅಡ್ಡ. ಒಂದು ಕೈ ಅಂದರೆ ಐದು. ಕೊನೆಗೆ ಕೈ ಕೈ ಲೆಕ್ಕ ಹಾಕಿದರೆ ಐದು, ಹತ್ತು, ಹದಿನೈದು ಅಂತ ಬೇಗ ಮುಗೀತದೆ.

‘ಗೀಟು ಯಾಕೆ ಅಪ್ಪ, ನಂಬರ್ ಬರೆದ್ರೆ ಆಗಲ್ವಾ?’ ಅಂತ ಒಂದು ದಿನ ಕೇಳಿದಳು. ಆ ಭಾನುವಾರ ನನಗೆ 3 ಗಂಟೆಗೇ ಕೆಲಸ ಮುಗಿದಿತ್ತು. ಅವಳನ್ನು ಹಿಕ್ಸ್‌ವಿಲ್ ಸ್ಟೇಷನ್‌ಗೆ ಕರ್ಕೊಂಡು ಹೋದೆ. ಲಾಂಗ್ ಐಲೆಂಡ್ ರೈಲು ಇಲ್ಲಿಂದ ಎರಡು ಕವಲಾಗ್ತದೆ, ಒಂದು ಹಂಟಿಂಗ್ಟನ್, ಪೋರ್ಟ್ ಜೆಫರ್ಸನ್ ಕಡೆ, ಇನ್ನೊಂದು ರಾಂಕಾಂಕಮಾ ಕಡೆ. ಮೂರು ಸಾಲು ಮಾಡಿದೆವು: ನ್ಯೂಯಾರ್ಕ್ ಸಿಟಿ ಕಡೆ, ಹಂಟಿಂಗ್ಟನ್ ಕಡೆ, ರಾಂಕಾಂಕಮಾ ಕಡೆ. ಇನ್ನೂ ಕೂರುವಷ್ಟರಲ್ಲಿ ಒಂದು ಖಾಲಿ ರೈಲು ನಿಲ್ಲದೆ ಹೊರಟುಹೋಯಿತು. ‘ಇದನ್ನ ಬರೀಬೇಕಾ?’ ಅಂದಳು. ಎಣಿಸೋಕೆ ಮುಂಚೆ ಅದನ್ನೂ ತೀರ್ಮಾನ ಮಾಡ್ಕೊಳ್ಳಬೇಕು ಅಂತ ನನಗೂ ಆಗಲೇ ಗೊತ್ತಾದದ್ದು. ಇಲ್ಲಿ ನಿಂತು ಜನ ಹತ್ತಿದರೆ ಮಾತ್ರ ಲೆಕ್ಕ ಅಂತ ಇಬ್ಬರೂ ಒಪ್ಪಿಕೊಂಡೆವು. ರೈಲು ಬಂದ ಹಾಗೆ ಅವಳು ಗೀಟು ಎಳೀತಾ ಹೋದಳು. ನಂಬರ್ ಬರೆದರೆ ಪ್ರತಿ ಸಲ ಅಳಿಸಿ ಮತ್ತೆ ಬರೀಬೇಕು, ಗೀಟಾದರೆ ಒಂದು ಕೂಡಿಸಿದರೆ ಸಾಕು. ‘ರೈಲು ಕಾಯಲ್ಲ, ಅದಕ್ಕೆ ಗೀಟು’ ಅಂತ ಅವಳೇ ಹೇಳಿದಳು.

ಅಲ್ಲಿ ಚಳಿಯಲ್ಲಿ ಕೂತಿದ್ದಾಗ ನನಗೆ ಅವ್ವನ ನೆನಪಾಯಿತು.

ನಮ್ಮವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಊರಿನ ತೋಟದ ಮನೆಗೆ ಅಡಿಕೆ ಸುಲಿಯೋಕೆ ಹೋಗ್ತಿದ್ದಳು. ರಾತ್ರಿ ದೀಪದ ಕೆಳಗೆ ಸಾಲಾಗಿ ಕೂತು ಮೆಟ್ಟುಗತ್ತಿಯಲ್ಲಿ ಸುಲಿಯೋದು. ಡಬ್ಬದ ಲೆಕ್ಕದಲ್ಲಿ ಕೂಲಿ. ಯಜಮಾನರ ಕಡೆಯವರು ಡಬ್ಬ ಅಳೆದು ಪುಸ್ತಕದಲ್ಲಿ ಬರ್ಕೊಳ್ತಿದ್ದರು. ಅವ್ವ ಮನೆಗೆ ಬಂದವಳೇ ಒಲೆಯಿಂದ ಒಂದು ಇದ್ದಿಲು ತಗೊಂಡು ಅಡುಗೆಮನೆ ಗೋಡೆ ಮೇಲೆ ಅವತ್ತಿನ ಡಬ್ಬಕ್ಕೆ ಒಂದೊಂದು ಗೀಟು ಎಳೆದೇ ಮಲಗೋಳು. ಎಷ್ಟೇ ಸುಸ್ತಾಗಿರಲಿ, ಗೀಟು ತಪ್ಪಿಸ್ತಿರಲಿಲ್ಲ. ಒಂದೊಂದು ರಾತ್ರಿಯ ಗೀಟಿಗೆ ಒಂದೊಂದು ಸಾಲು.

ಒಂದು ವರ್ಷ ಲೆಕ್ಕ ಮುಗಿಸೋ ದಿನ ಪುಸ್ತಕದಲ್ಲಿ 61 ಡಬ್ಬ ಇತ್ತು. ಅವ್ವ ‘68 ಆಗ್ತದೆ’ ಅಂದಳು. ಓದು ಬರದ ಹೆಂಗಸು ಪುಸ್ತಕ ತಪ್ಪು ಅಂದರೆ ಯಾರು ಕೇಳ್ತಾರೆ? ಅವಳು ಜಗಳ ಮಾಡಲಿಲ್ಲ. ‘ಗೋಡೆ ನೋಡಿ ಬನ್ನಿ’ ಅಂದಳು. ಯಜಮಾನರು ಒಳ್ಳೆಯವರೇ, ಮನೆಗೆ ಬಂದು ನೋಡಿದರು. ಸಾಲು ಸಾಲು ತಾಳೆ ಹಾಕಿದಾಗ ಒಂದು ರಾತ್ರಿಯ 7 ಡಬ್ಬ ಪುಸ್ತಕಕ್ಕೆ ಏರೇ ಇರಲಿಲ್ಲ ಅಂತ ಗೊತ್ತಾಯಿತು. ದುಡ್ಡು ಬಂತು. ನಾನು ಆಗ ಎರಡನೇ ಕ್ಲಾಸು. ಬರೀ ಒಟ್ಟು ಇಟ್ಟುಕೊಂಡಿದ್ದರೆ ಅವಳ ಮಾತು, ಅವರ ಮಾತು ಅಂತ ಆಗಿಬಿಡ್ತಿತ್ತು. ದಿನ ದಿನದ ಸಾಲು ಇತ್ತು, ಹಾಗಾಗಿ ತಪ್ಪು ಎಲ್ಲಿ ಅಂತ ಬೆರಳಿಟ್ಟು ತೋರಿಸೋಕೆ ಆಯಿತು.

ಅಡಿಕೆ ಒಣಗಿದ ಮೇಲೆ ಆರಿಸೋ ಕೆಲಸಕ್ಕೂ ಅವ್ವ ಹೋಗ್ತಿದ್ದಳು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ಗುಡ್ಡೆ. ಎಳೆಯದಾದ ಸರಕಿಗೆ ಹೆಚ್ಚಿನ ಬೆಲೆ, ಬಲಿತ ಗೊರಬಲಿಗೆ ಕಡಿಮೆ. ನಾನು ಪಕ್ಕದಲ್ಲಿ ಕೂತು ಯಾವುದೋ ಅಡಿಕೆಯನ್ನು ಯಾವುದೋ ಗುಡ್ಡೆಗೆ ಎಸೆದರೆ, ‘ಹೇ, ಅದರ ಜಾಗ ಅದಲ್ಲ ಮಾರಾಯ, ಕೈಯಲ್ಲಿ ಹಿಡಿದು ನೋಡಿ ಹಾಕು’ ಅಂತ ಗದರೋಳು. ಗುಂಪು ಮಾಡೋದು ಅಂದರೆ ಕೈಯಲ್ಲಿ ಹಿಡಿದು ನೋಡಿ ಹಾಕೋದು. ಮಗಳ ಕ್ಲಾಸಿನ ಮೂರು ಸಾಲು ನೋಡಿದಾಗ ನನಗೆ ಮೊದಲೇ ಇದು ನೆನಪಾಗಬೇಕಿತ್ತು.

ಈ ಕಥೆಯನ್ನು ಮಗಳಿಗೆ ಹೇಳಿದೆ. ನನಗೇ ನಾನು ಹೇಳ್ಕೊಂಡ ಹಾಗೂ ಆಯಿತು. ನಾವು ಇಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯೋರು. ನ್ಯೂಯಾರ್ಕ್ ರಾಜ್ಯದ ಕಾನೂನಿನ ಪ್ರಕಾರ ಸಂಬಳದ ಜೊತೆ ಎಷ್ಟು ಗಂಟೆ, ಗಂಟೆಗೆ ಎಷ್ಟು, ಏನೇನು ಕಡಿತ ಅಂತ ಬರೆದ ಚೀಟಿಯನ್ನು ನಮಗೆ ಕೊಡಲೇಬೇಕು. ನಮ್ಮಂಥ ಕೆಲಸಕ್ಕೆ ವಾರಕ್ಕೆ 40 ಗಂಟೆ ಮೀರಿದ ಮೇಲೆ ಒಂದೂವರೆ ಪಟ್ಟು ಕೂಲಿ. ಚೀಟಿ ಬರ್ತದೆ, ಸರಿ. ಆದರೆ ಅದನ್ನು ತಾಳೆ ನೋಡೋಕೆ ನಮ್ಮ ಹತ್ತಿರ ಏನಿದೆ? ಎಷ್ಟೋ ವರ್ಷ ನಾನು ಚೀಟಿಯ ಕೊನೆಯ ಅಂಕಿ ಮಾತ್ರ ನೋಡಿ ಜೇಬಿಗೆ ಹಾಕ್ತಿದ್ದೆ. ಜನವರಿ ಕೊನೆಗೆ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದೆ. ದಿನಕ್ಕೊಂದು ಸಾಲು, ಗಂಟೆಗೊಂದು ಗೀಟು. ಅವ್ವನ ಗೋಡೆ ಈಗ ನಮ್ಮ ಬೇಸ್‌ಮೆಂಟ್ ಮನೆಯ ಫ್ರಿಜ್ ಮೇಲೆ.

ಫೆಬ್ರವರಿ ಒಂದನೇ ತಾರೀಕು ನನ್ನ ಹಾಳೆ ಪಕ್ಕ ಇನ್ನೊಂದು ಹಾಳೆ ಕಂಡಿತು. ಮಗಳದು. ಮೇಲೆ ಅವಳ ಅಕ್ಷರದಲ್ಲಿ ಹೆಸರು: ‘ಅಪ್ಪ ಊಟಕ್ಕೆ’. ಎರಡು ಸಾಲು, ಇದ್ದರು, ಇರಲಿಲ್ಲ. ಕನ್ನಡ ಅಕ್ಷರ ಅಮ್ಮನ ಹತ್ತಿರ ಬರೆಸಿಕೊಂಡು ನೋಡಿ ಬರೆದಿದ್ದಾಳೆ. ರಾತ್ರಿ ಊಟವಾದ ಮೇಲೆ ದಿನಾ ಒಂದು ಗೀಟು. ನಾನು 10 ಗಂಟೆ ದಾಟಿ ಬರೋ ಹೊತ್ತಿಗೆ ಅವಳು ಮಲಗಿರ್ತಾಳೆ, ಗೀಟು ಮಾತ್ರ ಇರ್ತದೆ.

ತಿಂಗಳ ಕೊನೆಗೆ ಅದೇ ನಾಲ್ಕು ಪ್ರಶ್ನೆ. ಒಟ್ಟು ಎಷ್ಟು ದಿನ? 28. ಇದ್ದರು 8, ಇರಲಿಲ್ಲ 20. ‘ಎಷ್ಟು ಹೆಚ್ಚು, ಅಪ್ಪ?’ ಅಂತ ನನ್ನನ್ನೇ ಕೇಳಿದಳು. 12 ಅಂದೆ. ‘ಕರೆಕ್ಟ್’ ಅಂದು ಹಾಳೆ ಮೇಲೆ ನಗುವ ಮುಖ ಬರೆದಳು, ಟೀಚರ್ ಬರೆಯೋ ಹಾಗೆ. ಅವಳಿಗೆ ಅದು ಲೆಕ್ಕ. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ವಾರಕ್ಕೆ ಎರಡು ಸಂಜೆ ಮನೆಯಲ್ಲಿರ್ತೇನೆ ಅನ್ನೋದು ನನಗೆ ಗೊತ್ತಿರದ ವಿಷಯ ಅಲ್ಲ. ಆದರೆ ‘ಮಂಗಳವಾರ ಇರ್ತೇನಲ್ಲ, ಭಾನುವಾರ ಬೇಗ ಬರ್ತೇನಲ್ಲ’ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡಿದ್ದೆ. 20 ಗೀಟು ಸಾಲಾಗಿ ನಿಂತಿದ್ದನ್ನು ನೋಡಿರಲಿಲ್ಲ. ನಾಲ್ಕು ಕೈ ತುಂಬ ಗೀಟು.

ಮಾರನೇ ದಿನ ಅಂಗಡಿ ಮ್ಯಾನೇಜರ್ ಹತ್ತಿರ ಕೇಳಿದೆ. ನಾಲ್ಕು ದಿನ ಕೇಳೋ ಧೈರ್ಯ ಇರಲಿಲ್ಲ, ಒಂದು ದಿನ ಕೇಳಿದೆ. ಗುರುವಾರ ಬೆಳಗ್ಗಿನ ಪಾಳಿಗೆ ಬೇರೆ ಯಾರಾದರೂ ಬದಲಿಗೆ ಒಪ್ಪಿದರೆ ಆಗಬಹುದು ಅಂದರು. ಜೊತೆಗೆ ಕೆಲಸ ಮಾಡೋ ಒಬ್ಬ ಗುಜರಾತಿ ಹುಡುಗನಿಗೆ ಬೆಳಗ್ಗೆ ಏಳೋದೇ ಕಷ್ಟ, ಅವನು ಖುಷಿಯಿಂದ ಒಪ್ಪಿದ. ಗಂಟೆ ಅಷ್ಟೇ, ಸಂಬಳ ಅಷ್ಟೇ. ಆರು ವರ್ಷದಿಂದ ಕೇಳಬಹುದಿತ್ತು, ಕೇಳಿರಲಿಲ್ಲ ಅಷ್ಟೆ. ಎಲ್ಲರಿಗೂ ಹೀಗೆ ಸಿಗ್ತದೆ ಅಂತ ನಾನು ಹೇಳೋದಿಲ್ಲ. ಎರಡು ಕಡೆ ಕೆಲಸ ಮಾಡೋರು, ರಾತ್ರಿಪಾಳಿಯೇ ಗತಿ ಅನ್ನೋರು ನಮ್ಮಲ್ಲಿ ಬಹಳ ಜನ ಇದ್ದಾರೆ.

ಇನ್ನು ಮಕ್ಕಳಿರೋ ಮನೆಯವರಿಗೆ ನಾನು ಹೇಳೋದು ಇಷ್ಟೇ. ಇಂಥ ಹಾಳೆ ಮನೆಗೆ ಬಂದರೆ ಉತ್ತರ ಬರೆಸಿ ಮಡಚಿ ಇಡಬೇಡಿ. ಯಾರನ್ನು ಕೇಳಿ ಮಾಡಿದ್ದು, ಏನಂತ ಕೇಳಿದ್ದು, ಇದರಲ್ಲಿ ನಿನ್ನ ಗೀಟು ಯಾವುದು ಅಂತ ವಿಚಾರಿಸಿ. ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯಬೇಡಿ. ‘ಉಳಿದದ್ದೇ ಹೆಚ್ಚು’ ಅನ್ನೋದು ಕನ್ನಡದಲ್ಲಿ ಅರ್ಥವಾದ ಮಗುವಿಗೆ ಇಂಗ್ಲಿಷ್‌ನಲ್ಲಿ ಬರೆಯೋದು ಕಷ್ಟ ಅಲ್ಲ. ಕಾಳು, ಬೀಜ, ಮೊಟ್ಟೆ ಟ್ರೇ ಸಾಕು. ಮಗು ತಾನೇ ಒಂದು ಪ್ರಶ್ನೆ ತಂದು ಎಣಿಸೋಕೆ ಶುರು ಮಾಡಿದರೆ ಬಿಡಿ, ಎಣಿಸಲಿ. ಬಂದ ಉತ್ತರ ನಮಗೆ ಹಿತವಾಗದೆ ಇರಬಹುದು.

ಮಾರ್ಚ್‌ನಲ್ಲೂ ಅವಳು ಹಾಳೆ ಅಂಟಿಸಿದಳು. ಹೋಲಿಸಬೇಕಲ್ಲ, ಅದಕ್ಕೆ ಈ ಸಲವೂ 28 ದಿನ ಮಾತ್ರ ಅಂತ ಅವಳೇ ಗೆರೆ ಎಳೆದಳು. ತಂಗಿಯ ಮಗ ಹೇಳಿದ್ದು ಅವಳಿಗೆ ನೆನಪಿತ್ತು. ಇದ್ದರು 12, ಇರಲಿಲ್ಲ 16.

‘ಈಗ ಅಂತರ ನಾಲ್ಕೇ ಪುಟ್ಟಿ. ಇನ್ನು ನಾಲ್ಕು ದಿನ ನಾನು ಬೇಗ ಬಂದ್ರೆ ಎರಡೂ ಸಮ’ ಅಂದೆ.

ಅವಳು ಹಾಳೆ ನೋಡಿದಳು. ಬೆರಳಲ್ಲಿ ಒಂದು ಗೀಟನ್ನು ಆಚೆಯಿಂದ ಈಚೆಗೆ ತಂದ ಹಾಗೆ ಮಾಡಿದಳು, ಇನ್ನೊಂದನ್ನೂ ತಂದಳು.

‘ಇಲ್ಲ ಅಪ್ಪ, ನಾಲ್ಕು ಬೇಡ. ಎರಡು ದಿನ ಸಾಕು.’